ಕೊನೆ ಬಸ್ಸಿಗೆ ಬಿಟ್ಟ ರೀಲು

ಅವನು ತೀರಿಕೊಂಡ ಸುದ್ದಿಯನ್ನು ಮೊನ್ನೆ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ತೊಗರ್ಸಿ ಕಡೆಯವರೊಬ್ಬರು ಹೇಳಿದರು. ಹೇಳಿದವರಿಗೂ ಅದು ದೊಡ್ಡ ಸುದ್ದಿಯಲ್ಲ. ಮೆಕ್ಕೆಜೋಳದ ಮಾತಿನ ನಡುವೆ ಒಮ್ಮೆ ಹೇಳಿ ಮತ್ತೆ ಮೆಕ್ಕೆಜೋಳಕ್ಕೇ ಹೋದರು. ನಾನೂ 'ಹೌದಾ, ಯಾವಾಗ?' ಎಂದಷ್ಟೇ ಕೇಳಿದೆ. ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದೆ. ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ಇಂಥವನ ಸಲುವಾಗಿ ಊಟ ಬಿಡುವುದೆಂದರೇನು?

ಇಂಥವನು ಎಂದರೆ ಎಂಥವನು ಎಂದು ಹೇಳಬೇಕು. ಹೆಸರು ಬರೆಯುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಇದ್ದಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯ. ಎದುರಿಗೆ 'ಬರ್ರಿ, ಕೂತ್ಕಳ್ರಿ' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಯಾವತ್ತೂ ಏಕವಚನ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಹಾಗಾದರೆ ನಾನು ಈ ಕಾಗದ ಮಡಿಸಿಟ್ಟು ಏಳಬೇಕಾಗುತ್ತದೆ. ಮನಸ್ಸಿನಲ್ಲಿ ಇದ್ದ ಹಾಗೆಯೇ ಬರೆಯುತ್ತೇನೆ.

ಅಂಬ್ಲಿಗೊಳ ಜಲಾಶಯದ ಕಾಲುವೆಯ ಮೇಲೆ ಗೇಟು ಎತ್ತುವ, ಇಳಿಸುವ ಸರ್ಕಾರಿ ನೌಕರ ಅವನು. ಯಾರ ಗದ್ದೆಗೆ ಯಾವತ್ತು ನೀರು ಎಂಬುದು ಕಾಗದದ ಮೇಲೆ ಇಂಜಿನಿಯರ ಕೈಯಲ್ಲಿತ್ತು, ನಿಜದಲ್ಲಿ ಇವನ ಸೊಂಟದ ಬೀಗದ ಕೈ ಗೊಂಚಲಿನಲ್ಲಿತ್ತು. ರೈತರು ಅವನನ್ನು 'ತೂಬಿನೋರು' ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ತೂಬಿಗೆ ಕೊಟ್ಟ ಮರ್ಯಾದೆಯನ್ನು ಅವನು ತನಗೆ ಕೊಟ್ಟದ್ದೆಂದು ತಿಳಿದಿದ್ದ. ಕುಳ್ಳಗಿನ ಆಳು, ಹಣೆಯ ತುಂಬ ವಿಭೂತಿ, ಬಿಳಿ ಅಂಗಿಯ ಒಳಗೆ ಎದೆಯ ಮೇಲೆ ಲಿಂಗದ ಕರಡಿಗೆ. ಚಹವನ್ನು ಬಸಿಗೆ ಸುರಿದುಕೊಂಡು ಊದುತ್ತ, ಊದುವುದರ ನಡುವೆಯೇ ಮಾತಾಡುತ್ತಿದ್ದ. ಎದುರಿಗೆ ಕೂತವರ ಅಂಗಿಯ ಮೇಲೆ ಅದರ ಗುರುತು ಉಳಿಯುತ್ತಿತ್ತು.

ನಾನು ಶಿಕಾರಿಪುರದ ಒಂದು ಟಾಕೀಸಿನಲ್ಲಿ ಆಪರೇಟರ್. ಆ ಟಾಕೀಸು ಈಗಿಲ್ಲ. ಅವನು ಟಾಕೀಸಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ. ದಿನಾ ನಾವು ಎದುರಾಗುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಮುಂದಿನ ಹೋಟೆಲಿನಲ್ಲಿ. ಮೂರು ಮೆಟ್ಟಿಲು ಹತ್ತಿ ಒಳಗೆ ಹೋದರೆ ಕಿಟಕಿಯ ಪಕ್ಕದ ಬೆಂಚು ಅವನದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಹೋಟೆಲಿನವರೇ ಎಬ್ಬಿಸುತ್ತಿದ್ದರು. ಅವರಿಗೂ ಕಾಲುವೆಯ ಕೆಳಗೆ ಎರಡು ಎಕರೆ ಇತ್ತು. ಮೊದಲೆಲ್ಲ ಅವನು ಬೆಂಚಿನಲ್ಲಿ ಕೂತು ಮಳೆ, ರಾಜಕೀಯ, ಅಳಿಯಂದಿರ ಬಗ್ಗೆ ಮಾತಾಡಿದ್ದಿರಬೇಕು. ನನಗೆ ನೆನಪಿಲ್ಲ. ನನಗೆ ನೆನಪಿರುವುದು ಟಾಕೀಸಿಗೆ ಒಂದು ಚಿತ್ರ ಬಂದ ಮೇಲಿನದು.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಮ್ಮ ಮಾಲೀಕರು ಎಲ್ಲಿಂದಲೋ ಒಂದು ಇಂಗ್ಲಿಷ್ ಚಿತ್ರ ತಂದರು. ಆಕಾಶದಲ್ಲಿ ಹಡಗು ಓಡಿಸಿಕೊಂಡು ಗ್ರಹದಿಂದ ಗ್ರಹಕ್ಕೆ ಹೋಗಿ ಹೊಡೆದಾಡುವವರ ಕಥೆ. ಮೂರು ಭಾಗದ ಕಥೆಯಲ್ಲಿ ಅದು ಎರಡನೆಯದಂತೆ. ಮೊದಲನೆಯದು ನಮ್ಮೂರಿಗೆ ಬಂದಿರಲೇ ಇಲ್ಲ, ಮೂರನೆಯದನ್ನು ಅವರು ಇನ್ನೂ ತೆಗೆದಿರಲಿಲ್ಲ. ಹಿಂದಿಲ್ಲ ಮುಂದಿಲ್ಲ, ನಡುವಿನದೊಂದು ತುಂಡು. ಭಾಷೆ ಯಾರಿಗೂ ಬಾರದು. ಆ ಬೇಸಿಗೆಯಲ್ಲಿ ಕರೆಂಟನ್ನು ನಂಬುವ ಹಾಗಿದ್ದದ್ದು ಸಂಜೆ ಮಾತ್ರ. ಹಾಗಾಗಿ ನಾಲ್ಕು ದಿನ, ದಿನಕ್ಕೆ ಒಂದೇ ಆಟ, ಸಂಜೆ ಆರಕ್ಕೆ.

ನಮ್ಮ ಟಾಕೀಸಿನಲ್ಲಿ ಒಂದು ಪದ್ಧತಿಯಿತ್ತು. ಆನವಟ್ಟಿಗೆ ಹೋಗುವ ಕೊನೆಯ ಬಸ್ಸು ಎಂಟೂವರೆಗೆ. ಶಿರಾಳಕೊಪ್ಪದ ಮೇಲಿನ ಆ ದಾರಿಯ ಹಳ್ಳಿಗಳ ಜನರೆಲ್ಲ ಅದನ್ನೇ ಹಿಡಿಯಬೇಕು. ಚಿತ್ರ ಎಂಟೂಕಾಲರೊಳಗೆ ಮುಗಿಯದಿದ್ದರೆ ಅರ್ಧ ಟಾಕೀಸು ನಡುವೆ ಎದ್ದು ಹೋಗುತ್ತದೆ, ಮರುದಿನ ಬರುವುದೂ ಇಲ್ಲ. ಆದ್ದರಿಂದ ಚಿತ್ರ ಉದ್ದವಾದರೆ ಯಾರಿಗೂ ಹೇಳದೆ ಒಂದು ರೀಲು ತೋರಿಸದೆ ಬಿಡುವುದು. ಯಾವುದನ್ನು ಬಿಡಬೇಕೆಂಬ ತೀರ್ಮಾನ ನನ್ನದು. ಹಾಡಿದ್ದರೆ ಹಾಡಿನ ರೀಲು, ಇಲ್ಲದಿದ್ದರೆ ಅಳುವ ರೀಲು. ಹೊಡೆದಾಟ ಬಿಟ್ಟರೆ ಕುರ್ಚಿ ಮುರಿಯುತ್ತಾರೆ. ಅಳು ಬಿಟ್ಟರೆ ಯಾರೂ ಕೇಳುವುದಿಲ್ಲ. ಇದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ, ನಾನು ಕೆಲಸ ಮಾಡಿ ಕಂಡುಕೊಂಡದ್ದು.

ಈ ಚಿತ್ರದಲ್ಲಿ ಅಳು ಇದ್ದದ್ದು ಕೊನೆಯದರ ಹಿಂದಿನ ರೀಲಿನಲ್ಲಿ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾಯಕ ಸತ್ತಿದ್ದಾನೆ. ಗೆಳೆಯರು ಅವನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿ, ಆಕಾಶಕ್ಕೆ ಬಿಡುತ್ತಾರೆ. ಪೆಟ್ಟಿಗೆ ಹೊತ್ತಿಕೊಂಡು ಉರಿಯುತ್ತದೆ. ಕೊನೆಯ ರೀಲಿನಲ್ಲಿ ಅವನನ್ನು ಮೆಚ್ಚಿದ ಹುಡುಗಿ ಹಿಮದ ಬಯಲಿನಲ್ಲಿ ನಿಂತು ತಲೆಯೆತ್ತಿ ನೋಡುತ್ತಾಳೆ, ದೂರದಲ್ಲಿ ಒಂದು ಬೆಳಕು ಮಿನುಗುತ್ತದೆ, ಅಲ್ಲಿಗೆ ಮುಗಿಯಿತು. ಆ ಬೆಳಕು ಅವನ ಚಿತೆ. ಅಳುವ ರೀಲು ಬಿಟ್ಟರೆ ನೋಡುವವರಿಗೆ ಸಿಗುವುದು ಇಷ್ಟು: ಏಟು ತಿಂದ ನಾಯಕನ ಹಡಗು ಕತ್ತಲಿಗೆ ಬೀಳುತ್ತದೆ, ತಕ್ಷಣ ಹುಡುಗಿ ಆಕಾಶ ನೋಡುತ್ತಾಳೆ, ಬೆಳಕು ಮಿನುಗುತ್ತದೆ. ಸತ್ತನೋ ಬದುಕಿದನೋ ದೇವರೇ ಬಲ್ಲ. ಕಥೆ ಕೆಟ್ಟರೆ ನನಗೇನು, ಬಸ್ಸು ತಪ್ಪಬಾರದು. ಸುತ್ತುವಾಗ ಆ ರೀಲು ಒಂದು ಕಡೆ ಹರಿಯಿತು. ಅಂಟಿಸುವಾಗ ಕತ್ತರಿಸಿದ ಗೇಣುದ್ದದ ತುಂಡು ನನ್ನ ಸಾಮಾನಿನ ಡಬ್ಬದಲ್ಲಿ ಉಳಿಯಿತು. ರೀಲನ್ನು ನಾಲ್ಕು ದಿನವೂ ಮುಚ್ಚಿಟ್ಟೆ.

ಅವನು ನಾಲ್ಕು ದಿನವೂ ಬಂದ. ಐದನೆಯ ದಿನ ಹೋಟೆಲಿನಲ್ಲಿ ತನ್ನ ವ್ಯಾಖ್ಯಾನ ಶುರುಮಾಡಿದ.

'ಅವ ಸತ್ತಿಲ್ರಿ' ಎಂದ, ಬಸಿ ಕೆಳಗಿಟ್ಟು. 'ಮುಂದಿನ ಭಾಗದಾಗ ಬರ್ತಾನ. ಬರಲೇಬೇಕು. ಹೆಣ ಯಾರಾದ್ರೂ ನೋಡೀರೇನು?'

ಯಾರೂ ನೋಡಿರಲಿಲ್ಲ. ನಾನು ನೋಡಿದ್ದೆ. ವಡೆ ತಿನ್ನುತ್ತ ಕೂತಿದ್ದೆ.

ಅವತ್ತಿನಿಂದ ಏಳು ವರ್ಷ ಆ ಬೆಂಚಿನಿಂದ ನಾನು ಕೇಳಿದ್ದೆಲ್ಲವನ್ನೂ ಬರೆದರೆ ಓದುವವರು ನನ್ನನ್ನೇ ಬೈಯುತ್ತಾರೆ. ಮೇಜಿನ ಮೇಲೆ ಲೋಟ ಸೂರ್ಯ, ಬಸಿ ಹಿಮದ ಗ್ರಹ, ಮಂಡಕ್ಕಿ ನಕ್ಷತ್ರ. ನಾಯಕನ ಹಡಗು ಯಾವುದೆಂದರೆ ಅವನ ತೂಬಿನ ಬೀಗದ ಕೈ. ಅದನ್ನು ಎರಡು ಬೆರಳಲ್ಲಿ ಹಿಡಿದು ಲೋಟದ ಸುತ್ತ ತಿರುಗಿಸಿ, 'ಇಲ್ಲಿ ಬಿದ್ದ, ಇಲ್ಲಿಂದ ಹಿಂಗ ಕೆಳಗ ಹೋದ, ಇಲ್ಲಿ ಎದ್ದ' ಎಂದು ತೋರಿಸುತ್ತಿದ್ದ. ಸುತ್ತ ಕೂತ ಏಳೆಂಟು ರೈತರು ಆ ಬೀಗದ ಕೈ ಹೋದ ಕಡೆಗೆಲ್ಲ ಕಣ್ಣು ತಿರುಗಿಸುತ್ತಿದ್ದರು. ತನ್ನ ಕಥೆಗೆ ಮರುಳಾಗಿದ್ದಾರೆಂದು ಅವನು ತಿಳಿದಿದ್ದ. ಅವರು ನೋಡುತ್ತಿದ್ದದ್ದು ಬೇಸಿಗೆ ಭತ್ತದ ನೀರನ್ನು.

ಅವನ ಆಧಾರಗಳೋ, ಒಂದಕ್ಕಿಂತ ಒಂದು ಚೆಂದ. ಹಡಗು ಬೀಳುವಾಗ ಎರಡು ನಿಮಿಷ ಟಾಕೀಸಿನಲ್ಲಿ ಶಬ್ದವೇ ಇರಲಿಲ್ಲವಂತೆ. 'ಅದು ಬೇಕಂತ ಇಟ್ಟಿದ್ದು. ಅವ ಬ್ಯಾರೆ ಲೋಕಕ್ಕ ದಾಟಿದ ಅಂತ ಅರ್ಥ. ಅಲ್ಲಿ ಗಾಳಿ ಇಲ್ಲ, ಶಬ್ದ ಇಲ್ಲ.' ಮೊದಲ ದಿನ ಮಷೀನಿನ ಶಬ್ದದ ಬಲ್ಬು ಸುಟ್ಟು, ನಾನು ಬೇರೆ ಬಲ್ಬು ಹುಡುಕಿ ಹಾಕಲು ಎರಡು ನಿಮಿಷ ಹಿಡಿದಿತ್ತು. ಉಳಿದ ಮೂರು ದಿನ ಅದೇ ಜಾಗದಲ್ಲಿ ಶಬ್ದ ಕಿವಿ ಒಡೆಯುವಷ್ಟಿತ್ತು. ಅದನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ. ಇನ್ನೊಂದು, ಹಡಗಿನ ಮೇಲಿನಿಂದ ಕೆಳಗೆ ಕಾಣುವ ಸಣ್ಣ ಹಸಿರು ಗೆರೆ. 'ಅದು ಕಣ್ಣಿಗೆ ಕಾಣದ ಹಗ್ಗ. ಮೇಲಿಂದ ಯಾರೋ ಹಿಡ್ಕೊಂಡಾರ.' ಆ ಹಗ್ಗ ನನ್ನ ಮಷೀನಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಮರಳಿನ ಕಣ ರೀಲಿನುದ್ದಕ್ಕೂ ಗೀರಿದ ಗೀರು. ನನ್ನ ಸೋಮಾರಿತನ, ನನ್ನ ಹಳೆಯ ಮಷೀನು, ನಮ್ಮೂರಿನ ಧೂಳು, ಎಲ್ಲ ಸೇರಿ ಅವನಿಗೆ ಶಾಸ್ತ್ರವಾಗಿದ್ದವು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ನಮ್ಮಲ್ಲಿ ಬರವಿಲ್ಲ. 'ಹೌದ್ರಿ ತೂಬಿನೋರೆ, ನಂಗೂ ಹಗ್ಗ ಕಂಡಂಗಾತು' ಎಂದವರಿದ್ದರು. ಅವರು ಆ ಚಿತ್ರವನ್ನೇ ನೋಡಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಟಿಕೆಟು ಹರಿಯುವ ಬಾಗಿಲು ನನ್ನ ಕ್ಯಾಬಿನ್ನಿನ ಕೆಳಗೇ ಇತ್ತು.

ಅವನಿಗೊಂದು ಮಾತಿತ್ತು: 'ಕಾಣ್ಲಿಲ್ಲ ಅಂದ್ರ ಇಲ್ಲ ಅಂತಲ್ಲ.' ತೂಬು ಇಳಿಸಿದರೆ ಕಾಲುವೆ ಒಣಗುತ್ತದೆ, ಹಾಗಂತ ನೀರು ಸತ್ತಿತೇ? ಗೇಟಿನ ಆ ಕಡೆ ತುಂಬಿ ನಿಂತಿರುತ್ತದೆ. ಎತ್ತುವವನು ಎತ್ತಬೇಕು ಅಷ್ಟೆ. ಇದನ್ನು ಹೇಳುವಾಗ ಎರಡೂ ಕೈಯಲ್ಲಿ ಇಲ್ಲದ ಹ್ಯಾಂಡಲನ್ನು ತಿರುಗಿಸುತ್ತಿದ್ದ, ಹಲ್ಲು ಕಚ್ಚಿ, ನಿಜವಾಗಿ ಭಾರ ಎತ್ತುವವನ ಹಾಗೆ. ನೋಡಲು ಅಸಹ್ಯವಾಗುತ್ತಿತ್ತು. ಬೇರೆ ದೇಶದವರು ದುಡ್ಡಿಗಾಗಿ ತೆಗೆದ ಸಿನಿಮಾದ ಸುಳ್ಳು ಮನುಷ್ಯನೊಬ್ಬನಿಗಾಗಿ ಐವತ್ತು ದಾಟಿದ ಗಂಡಸು ಬೆವರುತ್ತಾನಲ್ಲ!

ಇದು ಹೀಗೆಯೇ ನಡೆದುಕೊಂಡು ಹೋಗುತ್ತಿತ್ತೇನೋ. ನಡುವೆ ಒಂದು ಶನಿವಾರ ಆನವಟ್ಟಿಯ ಬಟ್ಟೆ ವ್ಯಾಪಾರಿಯೊಬ್ಬರು ಹೋಟೆಲಿಗೆ ಬಂದರು. ಬಸ್ಸಿಗೆ ಹೊತ್ತಿತ್ತು, ಚಹ ಕುಡಿಯುತ್ತ ಇವನ ವ್ಯಾಖ್ಯಾನ ಕೇಳಿಸಿಕೊಂಡರು. ಕೊನೆಗೆ ತಡೆಯಲಾರದೆ, 'ಎಂಥ ಮಾತು ಮಾರಾಯ್ರೆ ನಿಮ್ದು? ಅದು ನಮ್ಮಲ್ಲೂ ಬಂದಿತ್ತು. ಅವ್ನು ಸತ್ತ. ಗಾಜಿನ ಪೆಟ್ಟಿಗೇಲಿ ಹಾಕಿ ಸುಟ್ರಲ್ಲ, ನಾ ನೋಡಿದೀನಿ' ಎಂದರು.

ಇವನು ನಕ್ಕ. 'ಪೆಟ್ಟಿಗೆ? ಯಾವ ಪೆಟ್ಟಿಗಿ? ನಾ ನಾಲ್ಕು ಸಲ ನೋಡೀನ್ರಿ. ನೀವು ಯಾವ್ದೋ ಬ್ಯಾರೆ ಪಿಚ್ಚರ್ ನೋಡೀರಿ.' ರೈತರೆಲ್ಲ ನಕ್ಕರು. ಅದು ನೀರು ಕಡಿಮೆಯಿದ್ದ ವರ್ಷ, ಎಲ್ಲರಿಗೂ ಅವನ ದಯೆ ಬೇಕಿತ್ತು, ಜೋರಾಗಿಯೇ ನಕ್ಕರು. ವ್ಯಾಪಾರಿಯ ಮುಖ ಕೆಂಪಾಯಿತು. ಅವರು ನನ್ನ ಕಡೆ ತಿರುಗಿದರು. 'ನೀವೇ ಅಲ್ವಾ ಆಪರೇಟ್ರು? ನೀವೇ ಹೇಳಿ.'

ಹೇಳಬಹುದಿತ್ತು. ಹೇಳಿದರೆ ರೀಲು ಬಿಡುವ ಗುಟ್ಟು ಹೊರಬೀಳುತ್ತದೆ, ಊರಿನವರು ಟಾಕೀಸಿಗೆ ಕಲ್ಲು ಹೊಡೆಯುತ್ತಾರೆ, ನನ್ನ ಕೆಲಸ ಹೋಗುತ್ತದೆ. 'ನಾನು ಮಷೀನು ನೋಡ್ತೀನ್ರಿ, ಪಿಚ್ಚರ್ ನೋಡಲ್ಲ' ಎಂದೆ.

ಆಗ ಅವನು ಮಾಡಿದ್ದನ್ನು ನಾನು ಈಗಲೂ ಮರೆತಿಲ್ಲ. ಬೆಂಚಿನಿಂದ ಎದ್ದ. ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದ. 'ಲಿಂಗ ಮುಟ್ಟಿ ಹೇಳ್ತೀನಿ. ಅವ ಬಂದೇ ಬರ್ತಾನ. ಬರ್ಲಿಲ್ಲ ಅಂದ್ರ ನಾ ಈ ಹೋಟ್ಲು ಮೆಟ್ಲು ಹತ್ತಲ್ಲ. ಇದ ಕೊನಿ.'

ನಮ್ಮ ಕಡೆ ಲಿಂಗ ಮುಟ್ಟಿ ಆಡಿದ ಮಾತೆಂದರೆ ಆಯಿತು, ಅದಕ್ಕೆ ಮೇಲ್ಮನವಿ ಇಲ್ಲ. ಗದ್ದೆ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಇಂಥದಕ್ಕೂ ಜನ ಹಿಂದೆ ಮುಂದೆ ನೋಡಿ ಮುಟ್ಟುತ್ತಾರೆ. ಇವನು ಸಿನಿಮಾದವನಿಗಾಗಿ ಮುಟ್ಟಿದ. ಹೋಟೆಲಿನವರು, 'ಬಿಡ್ರಿ ತೂಬಿನೋರೆ, ಇದಕ್ಕೆಲ್ಲ ಎಂಥ ಆಣೆ' ಎಂದರು. ವ್ಯಾಪಾರಿ ಚಹ ಅರ್ಧಕ್ಕೇ ಬಿಟ್ಟು ಹೊರಟರು. ಆ ಬೆಂಚು, ಆ ಮೂರು ಮೆಟ್ಟಿಲು, ದಿನಕ್ಕೆರಡು ಹೊತ್ತು ಅವನ ಮಾತು ಕೇಳುವ ಜನ. ಅದನ್ನು ಬಿಟ್ಟರೆ ಅವನಿಗೆ ಊರಿನಲ್ಲಿ ಬೇರೇನೂ ಇರಲಿಲ್ಲ. ಅಷ್ಟನ್ನೂ ಅವನು, ನಾನು ಡಬ್ಬದಲ್ಲಿ ಮುಚ್ಚಿಟ್ಟಿದ್ದ ಒಂದು ರೀಲಿನ ಮೇಲೆ ಒತ್ತೆ ಇಟ್ಟ. ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಮೂರನೆಯ ಭಾಗ ಬರಲಿ, ಇವನ ಕೊಬ್ಬು ಇಳಿಯುತ್ತದೆ ಎಂದುಕೊಂಡೆ.

ಮೂರನೆಯ ಭಾಗ ಬರುವ ಮೊದಲು ಅವನ ನಿವೃತ್ತಿ ಬಂತು. ಹೂವಿನ ಹಾರ ಹಾಕಿ, ಶಾಲು ಹೊದಿಸಿ, ಬೀಗದ ಕೈ ಗೊಂಚಲು ವಾಪಸು ತೆಗೆದುಕೊಂಡರು. ಮರುದಿನ ಅವನು ಎಂದಿನ ಹಾಗೆ ಬೆಂಚಿನಲ್ಲಿ ಕೂತು ಲೋಟ, ಬಸಿ ಜೋಡಿಸಿದ. ಸೊಂಟಕ್ಕೆ ಕೈ ಹೋಯಿತು, ಬರಿಗೈ ಬಂತು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅದನ್ನೇ ಹಡಗು ಮಾಡಿಕೊಂಡ. ನೋಡುವವರ ಕಣ್ಣು ಬೆಂಕಿಪೊಟ್ಟಣದ ಹಿಂದೆ ಹೋಗಲಿಲ್ಲ. ಹದಿನೈದು ದಿನದಲ್ಲಿ ಏಳೆಂಟು ಜನ ಇಬ್ಬರಾದರು, ತಿಂಗಳಲ್ಲಿ ಇಬ್ಬರೂ ಇಲ್ಲ. ಹೊಸ ಗೇಟಿನವನಿಗೆ ಎಲೆ ಅಡಿಕೆಯ ಚಟವಿತ್ತು, ಸಿನಿಮಾದ್ದಲ್ಲ. ರೈತರೆಲ್ಲ ಬೀಡಾ ಅಂಗಡಿಯ ಮುಂದೆ ನಿಂತರು.

ಆಮೇಲೆ ಕೇಳುವವರು ಯಾರೂ ಇಲ್ಲದೆ ಅವನು ನನ್ನನ್ನು ಹಿಡಿದ. ಮಧ್ಯಾಹ್ನ ಕ್ಯಾಬಿನ್ನಿನ ಕಬ್ಬಿಣದ ಏಣಿ ಹತ್ತಿ ಏದುಸಿರು ಬಿಡುತ್ತ ಬರುತ್ತಿದ್ದ. ನಾನು ರೀಲು ಸುತ್ತುತ್ತಿದ್ದರೆ ಸ್ಟೂಲಿನ ಮೇಲೆ ಕೂತು ಹೇಳಿದ್ದನ್ನೇ ಹೇಳುವುದು. ಒಂದು ದಿನ ಪತ್ರಿಕೆಯ ತುಂಡೊಂದನ್ನು ನಾಲ್ಕು ಮಡಿಕೆ ಮಡಿಸಿ ತಂದ. ಆ ಕಥೆಯ ಮೂರನೆಯ ಭಾಗ ಸಿದ್ಧವಾಗುತ್ತಿದೆ ಎಂದು ಮೂರು ಸಾಲು ಸುದ್ದಿ. ಜೊತೆಗೆ ಉಗುರಿನಷ್ಟು ಚಿತ್ರ, ಮಸುಕಾದ ಒಬ್ಬ ಮನುಷ್ಯನ ಬೆನ್ನು.

'ಹೆಗಲು ನೋಡ್ರಿ' ಎಂದ. 'ಎಡಗಡಿ ಸ್ವಲ್ಪ ಇಳದೈತಿ. ಏಟು ಬಿದ್ದಿದ್ದು ಎಡ ಹೆಗಲಿಗೆ. ಅವನ ಇವ, ಬ್ಯಾರೆ ಯಾರೂ ಅಲ್ಲ.'

ಪತ್ರಿಕೆಯ ಮಸಿ ಹರಡಿಕೊಂಡಿತ್ತು, ಅಷ್ಟೆ. ಅವತ್ತು ಬೆಳಗಿನಿಂದ ನನ್ನ ತಲೆ ಕೆಟ್ಟಿತ್ತು. ಮಾಲೀಕರು ಎಲ್ಲರೆದುರು ಬೈದಿದ್ದರು, ಕೈ ಸುಟ್ಟುಕೊಂಡಿದ್ದೆ. ಇವನು ಬೆರಳಿನಲ್ಲಿ ಆ ಹೆಗಲನ್ನು ಸವರುತ್ತಲೇ ಇದ್ದ. ಏಳು ವರ್ಷದಿಂದ ನುಂಗಿಕೊಂಡಿದ್ದದ್ದು ಬಾಯಿಗೆ ಬಂತು. ಸಾಮಾನಿನ ಡಬ್ಬ ತೆಗೆದು, ತಳದಲ್ಲಿದ್ದ ರೀಲಿನ ತುಂಡನ್ನು ಅವನ ಕೈಗೆ ಹಾಕಿ, 'ಬೆಳಕಿಗೆ ಹಿಡ್ದು ನೋಡ್ರಿ' ಎಂದೆ.

ಕಿಟಕಿಯ ಬಳಿ ಹೋಗಿ ಹಿಡಿದ. ಗಾಜಿನ ಪೆಟ್ಟಿಗೆ, ಒಳಗೆ ಮಲಗಿದವನ ಮುಖ, ಎದೆಯ ಮೇಲೆ ಜೋಡಿಸಿದ ಕೈ. ಅದೇ ಚಿತ್ರ ಹತ್ತು ಸಲ, ಒಂದರ ಕೆಳಗೆ ಒಂದು. ಬಹಳ ಹೊತ್ತು ನೋಡಿದ.

'ಇದು ಎಲ್ಲಿತ್ತು?'

'ಕೊನೇದರ ಹಿಂದಿನ ರೀಲಲ್ಲಿ. ಆಮೇಲೆ ಸುಡ್ತಾರೆ. ಆ ಬೆಳಕು ಅದೇ.'

'ನಮಗ್ಯಾಕ ತೋರಿಸ್ಲಿಲ್ಲ?'

'ಆನವಟ್ಟಿ ಬಸ್ಸಿಗೆ ಹೊತ್ತಾಗ್ತಿತ್ತು. ಯಾವಾಗ್ಲೂ ಒಂದು ಬಿಡ್ತೀವಿ.'

ಅವನು ತುಂಡನ್ನು ಡಬ್ಬದೊಳಗೆ ಮೆಲ್ಲಗೆ ಇಟ್ಟ. 'ನಂಗ ಯಾವ ಬಸ್ಸೂ ಇರ್ಲಿಲ್ಲಲ್ರೀ' ಎಂದ. 'ನಮ್ಮನಿ ಇಲ್ಲೇ ಹಿಂದಿತ್ತು.'

ಕೂಗಾಡುತ್ತಾನೆ, ಇದು ಕನಸಿನ ದೃಶ್ಯ ಎಂದು ಹೊಸ ಕಥೆ ಕಟ್ಟುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಕೊಡಬೇಕಾದ ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವನು ಏಣಿ ಇಳಿದು ಹೋದ. ಪತ್ರಿಕೆಯ ತುಂಡು ಸ್ಟೂಲಿನ ಮೇಲೆಯೇ ಇತ್ತು.

ಮರುದಿನ ಬೆಂಚು ಖಾಲಿ. ಅದರ ಮರುದಿನವೂ. ಹೋಟೆಲಿನವರು ಬೀದಿಯಲ್ಲಿ ಕಂಡಾಗ ಕರೆದರಂತೆ. ಕೆಳಗೆ ನಿಂತೇ ಕೈಮುಗಿದು, 'ಆಡಿದ ಮಾತು ಐತ್ರಿ' ಎಂದು ಹೋದನಂತೆ. ತಿಂಗಳೊಪ್ಪತ್ತಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ತೊಗರ್ಸಿಯ ಹತ್ತಿರದ ತನ್ನ ಊರಿಗೆ ಹೊರಟುಹೋದ. ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು, ಆನವಟ್ಟಿಯ ಆ ವ್ಯಾಪಾರಿಯಿಂದಲೇ. ಊರು ಬಿಡುವ ಮೊದಲು ಅವನು ಬಸ್ಸು ಹತ್ತಿ ಅವರ ಅಂಗಡಿಗೆ ಹೋಗಿದ್ದನಂತೆ. ಗಿರಾಕಿಗಳ ಎದುರಿಗೇ, 'ನೀವು ಹೇಳಿದ್ದ ಖರೆ ಐತ್ರಿ, ನಾ ತಪ್ಪಿದೆ' ಎಂದನಂತೆ. ರೀಲು ಬಿಟ್ಟದ್ದು ನಾನೆಂದು ಹೇಳಲಿಲ್ಲ. ನನಗೆ ಕಲ್ಲು ಬೀಳಲಿಲ್ಲ. ಇದನ್ನು ಕೇಳಿದಾಗಲೂ ನಾನು, ಹುಚ್ಚನಿಗೆ ತಡವಾಗಿ ಬುದ್ಧಿ ಬಂತು ಎಂದೇ ಅಂದುಕೊಂಡೆ.

ಮರುವರ್ಷ ಮೂರನೆಯ ಭಾಗ ಬಂತು. ಪೆಟ್ಟಿಗೆಗಳನ್ನು ಬಸ್ಸಿನಿಂದ ಇಳಿಸಿ, ಮೊದಲ ರೀಲನ್ನು ಕಿಟಕಿಗೆ ಹಿಡಿದೆ. ಒಂದು ಕತ್ತಲೆ ಕೋಣೆ. ಹಳೆಯ ಗೆಳೆಯನೊಬ್ಬ ಬಾಗಿಲು ತೆಗೆಯುತ್ತಾನೆ. ಒಳಗೆ ಮಂಚದ ಮೇಲೆ ಅವನು, ಅದೇ ನಾಯಕ. ಕಣ್ಣು ಬಿಡುತ್ತಾನೆ. ಅದರ ಮುಂದೆಯೇ ಹಳೆಯ ಕಥೆಯನ್ನು ಮತ್ತೆ ತೋರಿಸಿದ್ದರು: ಸುಡಲು ಕಳಿಸುವ ಮೊದಲೇ ಗೆಳೆಯ ಅವನನ್ನು ಹೊರಗೆ ಎಳೆದುಕೊಂಡಿದ್ದ. ಉರಿದದ್ದು ಬರೀ ಪೆಟ್ಟಿಗೆ.

ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ನಾಚಿಕೆಯಿಲ್ಲದ ಜನ! ಮುಖ ತೋರಿಸಿ, ಕೈ ಜೋಡಿಸಿ, ಹತ್ತು ಜನರನ್ನು ಅಳಿಸಿ, ಬೆಂಕಿಯಿಟ್ಟು, ಆಮೇಲೆ ಅವನು ಪೆಟ್ಟಿಗೆಯಲ್ಲಿ ಇರಲೇ ಇಲ್ಲ ಎನ್ನುವುದೇ? ಇವರು ಹೀಗೆ ಮಾಡುತ್ತಾರೆಂದು ಗೊತ್ತಿದ್ದದ್ದು ನಮ್ಮ ಸೀಮೆಯಲ್ಲಿ ಒಬ್ಬ ಮೂಢನಿಗೆ ಮಾತ್ರ. ಅದೂ ಸುಟ್ಟ ಬಲ್ಬು, ಮರಳಿನ ಗೀರು ನೋಡಿಕೊಂಡು. ಮೂಢನ ಮಾತು ನಿಜವಾಯಿತೆಂದರೆ ಅವನು ಜಾಣನಾದ ಎಂದಲ್ಲ. ಇದನ್ನು ನಾನು ಈಗಲೂ ಹೇಳುತ್ತೇನೆ. ಹಾಗಿದ್ದೂ ಎರಡನೆಯ ದಿನ ಮಧ್ಯಾಹ್ನ ನನ್ನ ಕೆಲಸವನ್ನು ಟಾಕೀಸಿನಲ್ಲಿ ಟಿಕೆಟು ಹರಿಯುವವನಿಗೆ ವಹಿಸಿ, ತೊಗರ್ಸಿ ಕಡೆಯ ಬಸ್ಸು ಹತ್ತಿದೆ. ಅವನನ್ನು ಕರೆತಂದು ಟಾಕೀಸಿನಲ್ಲಿ ಕೂರಿಸಿ, ಆಮೇಲೆ ಹೋಟೆಲಿನ ಮೆಟ್ಟಿಲು ಹತ್ತಿಸುವುದು ಎಂದು ತೀರ್ಮಾನಿಸಿದ್ದೆ.

ಮನೆ ರಸ್ತೆಯ ಮೇಲೆಯೇ ಇತ್ತು, ಬಸ್ಸು ಬಾಗಿಲಿನಲ್ಲೇ ನಿಂತಿತು. ಅವನು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ತೆಳ್ಳಗಾಗಿದ್ದ. ಎದ್ದು 'ಬರ್ರಿ' ಎಂದ. ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ನಾನು ಲೋಟ ಕೆಳಗಿಡುವ ಮೊದಲೇ ಹೇಳಿಬಿಟ್ಟೆ: 'ಬಂದ ಕಣ್ರಿ ನಿಮ್ಮೋನು! ನೀವು ಹೇಳಿದಂಗೇ ಆತು. ಏಳ್ರಿ, ಹೋಗಣ.'

ಅವನು ಒಂದು ಬೀಜ ಬಿಡಿಸಿ ಬುಟ್ಟಿಗೆ ಹಾಕಿದ. 'ಸುಟ್ಟೋನು ಹೆಂಗ ಬರ್ತಾನ್ರೀ?'

'ಸುಟ್ಟಿಲ್ಲ ಅವ್ನ.'

'ನೀವ ತೋರ್ಸಿದ್ರಲ್ಲ. ನನ್ ಕಣ್ಣಲೆ ನೋಡೀನಿ.' ಇನ್ನೊಂದು ಬೀಜ. 'ನನ್ ಮ್ಯಾಲ ಕನಿಕರ ಪಟ್ಟು ಬಂದೀರಿ. ಗೊತ್ತಾತು. ಬಿಡ್ರಿ, ನಂಗೇನೂ ಬ್ಯಾಸರಿಲ್ಲ.'

'ಕನಿಕರ ಅಲ್ರಿ, ದೇವ್ರಾಣೆ. ಇಲ್ಲಿ ನೋಡ್ರಿ.' ನಾನು ಬುಟ್ಟಿಯಿಂದ ಒಂದು ಹುಣಸೆ ಬೀಜ ಎತ್ತಿಕೊಂಡೆ. ಮಜ್ಜಿಗೆ ಲೋಟವನ್ನು ನಡುವೆ ಇಟ್ಟೆ. 'ಇದು ಹಡಗು ಅಂತ ತಿಳ್ಕಳ್ರಿ. ಇಲ್ಲಿ ಬಿದ್ದ. ಗೆಳೆಯ ಈ ಕಡೆ ಇದ್ದ. ಪೆಟ್ಟಿಗೆ ಇಲ್ಲಿತ್ತು. ಈಗ ಮುಚ್ಚಳ ಹಾಕಿದ್ದು ನೀವು ನೋಡಿದ್ದು, ಸರಿ. ಮುಚ್ಚಳ ಹಾಕಿದ ಮೇಲೆ ಏನಾತು ಅಂದ್ರೆ...'

ಬೀಜವನ್ನು ಲೋಟದ ಸುತ್ತ ತಿರುಗಿಸುತ್ತ ತಲೆಯೆತ್ತಿದೆ. ಅವನು ಬೀಜವನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಆ ನೋಟ ನನಗೆ ಹೊಸದಲ್ಲ. ಹೋಟೆಲಿನಲ್ಲಿ ವಡೆ ತಿನ್ನುತ್ತ ಏಳು ವರ್ಷ ನಾನು ಅವನನ್ನು ನೋಡಿದ್ದು ಹಾಗೆಯೇ. ನನ್ನ ಕಿವಿ ಬಿಸಿಯಾಯಿತು. ಆದರೂ ಹೇಳುತ್ತಲೇ ಇದ್ದೆ, ಇನ್ನೂ ಜೋರಾಗಿ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು.

'ಬಸ್ಸು ಬಂತು ನೋಡ್ರಿ' ಎಂದ. 'ಇದ ಕೊನೇದು. ಏಳ್ರಿ.'

'ಒಂದೇ ಮಾತು ಐತಿ ಇನ್ನ, ಮುಗಿಸಿಬಿಡ್ತೀನಿ. ಆ ಪೆಟ್ಟಿಗೆ ಒಳಗೆ...'

'ತಪ್ಪಿದ್ರ ಇಲ್ಲೇ ಉಳೀಬೇಕಾಕ್ಕತಿ. ಅಲ್ಲಿ ನಿಮ್ ಮಷೀನು ಕಾಯ್ತಿರ್ತತಿ.' ನನ್ನ ಬೆರಳಿನಿಂದ ಬೀಜ ತೆಗೆದು ಬುಟ್ಟಿಗೆ ಹಾಕಿ, ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದು ತಾನೇ ಬಸ್ಸು ನಿಲ್ಲಿಸಿದ.

ಹತ್ತಿದೆ. ಸೀಟು ಹಿಡಿದು ಹಿಂದೆ ನೋಡುವಷ್ಟರಲ್ಲಿ ಅವನು ಮತ್ತೆ ಜಗಲಿಗೆ ಹೋಗಿ ಕೂತಿದ್ದ. ಮುಂದೆ ಎಷ್ಟೋ ವರ್ಷ ಅವನು ಬದುಕಿದ್ದ, ಹೋಗಿ ಆ ಒಂದು ಮಾತು ಹೇಳಿ ಬರಬಹುದಿತ್ತು. ಹೋಗಲಿಲ್ಲ. ಅವತ್ತು ಕಂಡಕ್ಟರು ಟಿಕೆಟು ಹರಿದುಕೊಡುವಾಗ, 'ಕೊನೇ ಬಸ್ಸು ಸಿಕ್ಕಿತಲ್ಲ, ಪುಣ್ಯ' ಎಂದೆ.

'ಇದು ಕೊನೇದಲ್ರಿ' ಎಂದ ಕಂಡಕ್ಟರು. 'ಇನ್ನ ಎರಡು ಅದಾವ.'